ಫ್ರೆಂಡ್ ಮನೆ ವೈಫೈಯೂ ನನ್ನ ಹಳೇ ಲ್ಯಾಪ್‌ಟಾಪೂ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಗಾಳಿಮಳೆಗೆ ನಮ್ಮನೆ ಇಂಟರ್ನೆಟ್ ಹೋಯ್ತು, ಮಗಳ ಅರ್ಜಿ ಹಾಕ್ಲಿಕ್ಕೆ ಅವತ್ತೇ ಕೊನೆ ದಿನ ಬೇರೆ, ಹಾಗೆ ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು ಕದ್ರಿಯಲ್ಲಿರುವ ಫ್ರೆಂಡ್ ಮನೆಗೆ ಹೋದೆ. ಅವನ ಫೋನಲ್ಲಿ ವೈಫೈ ಚಂದ ಬರ್ತದೆ, ನನ್ನದ್ರಲ್ಲಿ ಅದರ ಹೆಸರೇ ಕಾಣುದಿಲ್ಲ ಮಾರಾಯ್ರೆ! ಆಫ್ ಮಾಡಿ ಆನ್ ಮಾಡಿ ಸಾಕಾಯ್ತು, ಅಷ್ಟರಲ್ಲಿ ಎರಡು ಸಲ ಚಾ ಕುಡಿದಾಯ್ತು. ಕೊನೆಗೆ ಅವನ ಮಗ ಬಂದು ನೋಡಿದ್ರೆ ರೂಟರಲ್ಲಿ ವೈಫೈ ಬರುವ ರೇಡಿಯೋ ತರಂಗಗಳ ಪೈಕಿ 5 ಗಿಗಾಹರ್ಟ್ಸಿನದ್ದು ಮಾತ್ರ ಆನ್ ಉಂಟು, ನನ್ನದು 2.4 ಮಾತ್ರ ಹಿಡಿಯುವ ಹಳೇ ಸಾಮಾನು. 2.4 ಆನ್ ಮಾಡಿದ್ದೇ ತಡ, ಬಂತು. ಅದ್ರಲ್ಲಿ ಸ್ಪೀಡ್ ಕಮ್ಮಿ, ಆದ್ರೆ ಗೋಡೆ ದಾಟಿ ದೂರ ಹೋಗುದು ಅದೇ, ನಮ್ಮೂರ ಕೆಂಪುಕಲ್ಲಿನ ದಪ್ಪ ಗೋಡೆಗೆ ಅದೇ ಸರಿ.

ಮತ್ತೆ ಆ ಹುಡುಗ ಮನೆಯ ಪಾಸ್‌ವರ್ಡ್ ಕೊಡ್ಲಿಲ್ಲ, ಗೆಸ್ಟ್ ನೆಟ್‌ವರ್ಕ್ ಅಂತ ಬೇರೆಯೇ ಮಾಡಿ ಕೊಟ್ಟ, ಅಂದ್ರೆ ಬಂದವರಿಗೆ ಇಂಟರ್ನೆಟ್ ಮಾತ್ರ ಸಿಗುವ, ಮನೆಯವರ ಫೋನ್, ಕಂಪ್ಯೂಟರಿಗೆ ಸಂಬಂಧ ಇಲ್ಲದ ಬೇರೆ ವೈಫೈ. ಮೊದಲು ಸ್ವಲ್ಪ ಬೇಜಾರಾಯ್ತು, ಆಮೇಲೆ ಅವನು ಮಾಡಿದ್ದೇ ಸರಿ ಅಂತ ಅನಿಸ್ತು.

ರೂಟರ್ ಹಾಕ್ಲಿಕ್ಕೆ ಬರುವವರು ಇದನ್ನೆಲ್ಲ ಎರಡು ನಿಮಿಷ ಹೇಳಿ ಹೋದ್ರೆ ಎಂತ ನಷ್ಟ? ನಿಮ್ಮ ಪೇಪರಲ್ಲಾದ್ರೂ ಇಂಥದ್ದು ವಾರಕ್ಕೊಮ್ಮೆ ಬರ್ಲಿ.

ಇತಿ,
ಒಬ್ಬ ಓದುಗ, ಮಂಗಳೂರು