ಮುಂದಿನ ಗಾಲಿಗೆ ಬಿಡುವು

ಕಾಲ್ಗೂರ್ಲಿ, ಪಶ್ಚಿಮ ಆಸ್ಟ್ರೇಲಿಯಾ
ಸೆಪ್ಟೆಂಬರ್ 14

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವು ಮೂವರೂ ಆರಾಮಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಕಳಸದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಅಂತ ತಮ್ಮ ಹೇಳಿದ.

ಹೋದ ಭಾನುವಾರ ಫೋನಿನಲ್ಲಿ, ನನ್ನ ಗಾಡಿಯನ್ನು ಮಾಮೂಲಿಗೆ ಹಿಂದಿನ ಎರಡೇ ಗಾಲಿ ಎಳೆಯೋ ಹಾಗೆ ಬದಲಾಯಿಸಿದ್ದು ಕೇಳಿ ನೀವು, "ನಾಲ್ಕೂ ಗಾಲಿ ಎಳೆಯೋ ಗಾಡೀನ ಎರಡು ಗಾಲಿಗೆ ಇಳಿಸ್ತಾರೇನೋ?" ಅಂತ ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಹೋಯಿತು. ಮೂವತ್ತು ವರ್ಷ ಜೀಪು ಓಡಿಸಿದವರು ನೀವು. ನಿಮಗೆ ಅರ್ಧಂಬರ್ಧ ಉತ್ತರ ಕೊಡೋಕೆ ಮನಸ್ಸಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಜೀಪಿನಲ್ಲಿ ಮಾಮೂಲಿಗೆ ಹಿಂದಿನ ಗಾಲಿ ಮಾತ್ರ ಎಳೆಯುತ್ತೆ. ಕೆಸರು ಬಂದಾಗ ಸಣ್ಣ ಲಿವರ್ ಹಾಕಿದರೆ ಮುಂದಿನದೂ ಸೇರಿಕೊಳ್ಳುತ್ತೆ. ನನ್ನದು 1996ರ ಟೊಯೋಟಾ ಲ್ಯಾಂಡ್ ಕ್ರೂಸರ್, 80 ಸೀರೀಸ್. ಇದರಲ್ಲಿ ಮೊದಲು ಆ ಆಯ್ಕೆಯೇ ಇರಲಿಲ್ಲ. ಟಾರ್ ರೋಡಿರಲಿ, ಮಣ್ಣಿರಲಿ, ಯಾವಾಗಲೂ ನಾಲ್ಕೂ ಗಾಲಿ ಎಳೆಯುತ್ತಲೇ ಇರುತ್ತಿದ್ದವು. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕಲ್ವಾ? ಅದಕ್ಕಾಗಿ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸಿನೊಳಗೆ, ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಮೂರನೇ ಡಿಫರೆನ್ಷಿಯಲ್ ಒಂದಿತ್ತು. ಮರಳಿಗೆ ಸಿಕ್ಕಾಗ ಅದನ್ನು ಲಾಕ್ ಮಾಡೋಕೆ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಇತ್ತು.

ಜುಲೈನಲ್ಲಿ ಲೇಕ್ ಬಲ್ಲಾರ್ಡ್‌ಗೆ ಹೋಗಿದ್ದೆವು. ಉಪ್ಪಿನ ಕೆರೆ ಅದು. ಬೆಳ್ಳಗೆ ಒಣಗಿದ ಬಯಲಿನಲ್ಲಿ ಅಲ್ಲಲ್ಲಿ 51 ಲೋಹದ ಮನುಷ್ಯರನ್ನು ನಿಲ್ಲಿಸಿದ್ದಾರೆ. ಪುಟ್ಟಿ ಒಬ್ಬೊಬ್ಬರನ್ನೂ ಮಾತಾಡಿಸಿ ಬಂದಳು. ವಾಪಸ್ ಬರುವಾಗ ಮೆಂಜೀಸ್ ಅನ್ನೋ ಊರಿಗೆ ಇನ್ನೂ 40 ಕಿ.ಮೀ. ಮಣ್ಣುದಾರಿ ಇತ್ತು. ಗಾಡಿಯ ಅಡಿಯಿಂದ ಟಕ್ ಟಕ್ ಅಂತ ಶುರುವಾಯಿತು. ಐದು ನಿಮಿಷದಲ್ಲಿ ಸೀಟೇ ನಡುಗೋಕೆ ಹತ್ತಿತು. ಇಳಿದು ಅಡಿಗೆ ತೂರಿ ನೋಡಿದರೆ ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಮಡಚೋ ಜಾಯಿಂಟು, ಹೋಗಿದೆ. ಕಪ್ ಹತ್ತಿರ ಬೇರಿಂಗ್ ಸೂಜಿಗಳು ಪುಡಿಯಾಗಿ, ಕೆಂಪು ಹುಡಿ ಕುಂಕುಮದ ಹಾಗೆ ಮೆತ್ತಿಕೊಂಡಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಶಾಫ್ಟು ಬೆರಳಿನಷ್ಟು ಆಡುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಮನೆ 170 ಕಿ.ಮೀ. ದೂರ.

ನಿಮ್ಮ ನೆನಪಾಯಿತು ಅಪ್ಪ. ಕುದುರೆಮುಖದ ದಾರಿಯಲ್ಲಿ ಜೀಪಿನ ಮುಂದಿನ ಶಾಫ್ಟು ಬಿಚ್ಚಿ ಹಿಂದೆ ಹಾಕಿಕೊಂಡು ಬಂದಿದ್ದಿರಲ್ಲ, ಅದೇ ಮಾಡಿದೆ. ಗಾಲಿಗಳಿಗೆ ಕಲ್ಲು ಕೊಟ್ಟು, ಫ್ಲ್ಯಾಂಜಿಗೆ ಗುರುತು ಹಾಕಿ, 14ರ ಸ್ಪ್ಯಾನರಿನಲ್ಲಿ ಎಂಟು ನಟ್ ಬಿಚ್ಚಿದೆ. ಆದರೆ ಜೀಪಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಮೊದಲು ನಡುವಿನ ಡಿಫರೆನ್ಷಿಯಲ್ ಲಾಕ್ ಮಾಡಲೇಬೇಕು. ಕಾಫಿ ಹೂವಿಗೆ ನೀರು ಹೊಡೆಯುವಾಗ ಪೈಪಿಗೆ ಟೀ ಹಾಕಿ ಎರಡು ಕಡೆ ಜೆಟ್ ಬಿಡ್ತೀವಲ್ಲ? ಒಂದು ಕಡೆ ಪೈಪು ಕಳಚಿದರೆ ನೀರೆಲ್ಲ ಅಲ್ಲೇ ಹರಿದು ಹೋಗುತ್ತೆ, ಇನ್ನೊಂದು ಕಡೆಯ ಜೆಟ್ ಏಳೋದೇ ಇಲ್ಲ. ಇಲ್ಲೂ ಹಾಗೇ. ಶಾಫ್ಟ್ ಇಲ್ಲದ ಕಡೆಗೇ ಎಂಜಿನ್ನಿನ ಶಕ್ತಿ ಓಡಿಬಿಡುತ್ತೆ. ಪಕ್ಕದಲ್ಲಿ ವಿಸ್ಕಸ್ ಕಪ್ಲಿಂಗ್ ಅಂತ ಸಿಲಿಕೋನ್ ಎಣ್ಣೆ ತುಂಬಿದ ಡಬ್ಬಿ ಇದೆ, ಅದು ಒಂದಿಷ್ಟು ತಡೆದು ಹಿಡಿಯುತ್ತೆ. ಆದರೆ ಅಷ್ಟು ದೂರ ಅದರ ಮೇಲೇ ಭಾರ ಬಿಟ್ಟರೆ ಕಾದು ಹಾಳಾಗುತ್ತೆ. ಲಾಕ್ ಹಾಕಿದರೆ ಕಳಚಿದ ಕಡೆಯ ವಾಲ್ವ್ ಮುಚ್ಚಿದ ಹಾಗೆ. ಎಲ್ಲವೂ ಹಿಂದಿನ ಗಾಲಿಗೆ ಹೋಗುತ್ತೆ. ಹಾಗೇ ಮೆಲ್ಲಗೆ ಓಡಿಸಿಕೊಂಡು ರಾತ್ರಿ ಎಂಟಕ್ಕೆ ಮನೆ ಸೇರಿದೆವು.

ಎರಡು ವಾರ ಹಾಗೇ ಕೆಲಸಕ್ಕೆ ಓಡಿಸಿದೆ. ಹಾಗೇ ಬಿಡಬಹುದಿತ್ತಲ್ಲ ಅಂತೀರಾ? ಅದು ಅಪಾಯ. ಯಾರಾದರೂ ತಿಳಿಯದೆ ಆ ಬಟನ್ ಒತ್ತಿ ಲಾಕ್ ತೆಗೆದರೆ, ಗೇರಿನಲ್ಲಿ ನಿಲ್ಲಿಸಿದ ಗಾಡಿಯೂ ಉರುಳುತ್ತೆ. ಹ್ಯಾಂಡ್‌ಬ್ರೇಕ್ ಒಂದೇ ಗತಿ. ಮರಳಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಗಾಲಿಯ ಸಹಾಯವೂ ಇಲ್ಲ.

ಹೊಸ ಕ್ರಾಸ್ ಹಾಕಿಸಿದರೆ ಕೆಲಸ ಮುಗಿಯುತ್ತಿತ್ತು, ನಿಜ. ಆದರೆ ಮುಂದಿನ ಹೌಸಿಂಗಿನ ಜಾಯಿಂಟುಗಳೂ ಸ್ಟೀರಿಂಗ್ ಫುಲ್ ತಿರುಗಿಸಿದಾಗ ಕಟಕಟ ಅನ್ನುತ್ತಿದ್ದವು. ನಾನು ಓಡಿಸೋದು ಮುಕ್ಕಾಲು ಪಾಲು ಟಾರ್ ರೋಡಿನಲ್ಲೇ. ಮಣ್ಣಿಗೆ ಇಳಿಯೋದು ತಿಂಗಳಿಗೆ ಎರಡು ಸಲ. ಅಷ್ಟಕ್ಕಾಗಿ ದಿನವಿಡೀ ಮುಂದಿನ ಶಾಫ್ಟು, ಜಾಯಿಂಟು, ಕ್ರೌನ್ ಪಿನಿಯನ್ ಎಲ್ಲ ಭಾರ ಹೊತ್ತು ತಿರುಗಿ ಸವೆಯಬೇಕಾ ಅನ್ನಿಸಿತು. ಮುಂದಿನ ಗಾಲಿ ಬೇಕಾದಾಗ ಮಾತ್ರ ಎಳೆಯೋ ಹಾಗೆ ಮಾಡೋಕೆ ಇಲ್ಲಿ ಕಿಟ್ ಸಿಗುತ್ತೆ. ಗೆಳೆಯನ ಶೆಡ್ಡಿನಲ್ಲಿ ಎರಡು ಶನಿವಾರ ಕೂತು ಹಾಕಿದೆವು. ನಡುವಿನ ಡಿಫರೆನ್ಷಿಯಲ್ ಹಲ್ಲುಗಳನ್ನೂ ಆ ಡಬ್ಬಿಯನ್ನೂ ತೆಗೆದು, ಅಲ್ಲಿ ಗಟ್ಟಿ ಉಕ್ಕಿನ ಒಂದು ತುಂಡು ಕೂರಿಸಬೇಕು. ಆಮೇಲೆ ಹಿಂದಿನ ಶಾಫ್ಟು ನೇರವಾಗಿ ಎಳೆಯುತ್ತೆ. ಬಟನ್ ಒತ್ತಿದರೆ ಮಾತ್ರ ಮುಂದಿನದು ಸೇರುತ್ತೆ.

ನನಗೆ ಕಷ್ಟ ಕೊಟ್ಟದ್ದು ಹಬ್. ಮುಂದಿನ ಗಾಲಿಗಳ ಹಳೇ ಫ್ಲ್ಯಾಂಜ್ ತೆಗೆದು ಫ್ರೀ ವೀಲ್ ಹಬ್, ಅಂದರೆ ಬೇಡದಾಗ ಗಾಲಿಯನ್ನು ಆಕ್ಸಲ್‌ನಿಂದ ಬಿಡಿಸಿಡೋ ಹಬ್, ಹಾಕಬೇಕು. ಆರು ನಟ್ ಬಿಚ್ಚಿದರೂ ಫ್ಲ್ಯಾಂಜ್ ಜಪ್ಪಯ್ಯ ಅನ್ನಲಿಲ್ಲ. ಪ್ರತಿ ಸ್ಟಡ್ಡಿಗೂ ಒಂದು ಸೀಳಿರುವ ಕೋನ್ ವಾಷರ್ ಬಿಗಿದು ಕೂತಿರುತ್ತೆ. ಹಿತ್ತಾಳೆ ಸುತ್ತಿಗೆಯಿಂದ ಸುತ್ತಲೂ ಬಡಿಯುತ್ತಾ ಹೋದೆ. ಬಹಳ ಹೊತ್ತಿನ ಮೇಲೆ ಮೊದಲನೆಯದು ಟಿಣ್ ಅಂತ ಹಾರಿ ಬಿತ್ತು. ಉಳಿದ ಐದಕ್ಕೆ ಅರ್ಧ ಗಂಟೆ.

ಪೆಟ್ರೋಲ್ ಬಹಳ ಉಳಿಯುತ್ತೆ ಅಂತ ತಮ್ಮನಿಗೆ ಆಸೆ ಹುಟ್ಟಿಸಬೇಡಿ. ನೂರು ಕಿ.ಮೀ.ಗೆ 17 ಲೀಟರ್ ಕುಡಿಯುತ್ತಿದ್ದದ್ದು ಈಗ 16ರ ಚಿಲ್ಲರೆ, ಅಷ್ಟೇ. ಸ್ಟೀರಿಂಗ್ ಹಗುರ ಆಗಿದೆ. ಕ್ಲಚ್ ಬಿಡುವಾಗ ಅಡಿಯಲ್ಲಿ ಧಡ್ ಅನ್ನುತ್ತಿದ್ದದ್ದು ನಿಂತಿದೆ. ಅದು ನನಗೆ ದೊಡ್ಡ ನೆಮ್ಮದಿ.

ಕಳೆದುಕೊಂಡದ್ದನ್ನೂ ಹೇಳಬೇಕು. ಹೋದ ವಾರ ಸಣ್ಣ ಮಳೆ ಬಂತು. ತಿಂಗಳ ಧೂಳೆಲ್ಲ ರೋಡಿನ ಮೇಲೆ ಸೋಪಿನ ಹಾಗಾಗಿತ್ತು. ಸರ್ಕಲ್ ತಿರುಗುವಾಗ ಎಂದಿನಂತೆ ಆಕ್ಸಿಲರೇಟರ್ ಒತ್ತಿದೆ. ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಮೊದಲಾಗಿದ್ದರೆ ಮುಂದಿನ ಗಾಲಿ ಎಳೆದು ನೇರ ಮಾಡುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಆ ದಿನ ಹಿಂದೆ ಪುಟ್ಟಿ ಕೂತಿದ್ದಳು, ಕೈ ನಡುಗಿತು. ಈಗ ಒದ್ದೆ ರೋಡಿನಲ್ಲಿ ಕಾಲು ಹಗುರ ಇಟ್ಟೇ ಓಡಿಸುತ್ತೇನೆ. ಇಲ್ಲಿ ವರ್ಷವಿಡೀ ಬೀಳೋದು ಸುಮಾರು 10 ಇಂಚು ಮಳೆ. ನಮ್ಮಲ್ಲಿ ಜುಲೈನಲ್ಲಿ ಎರಡು ದಿನಕ್ಕೆ ಅಷ್ಟು ಸುರಿದದ್ದನ್ನು ನೀವೇ ಡೈರಿಯಲ್ಲಿ ಬರೆದಿಟ್ಟಿದ್ದೀರಿ. ಈ ಗಾಡಿ ಕಳಸದ ಘಾಟಿಯಲ್ಲಿ ಓಡುವುದಾಗಿದ್ದರೆ ನಾನು ಖಂಡಿತ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅಲ್ಲಿಗೆ ಫುಲ್ ಟೈಮ್ ನಾಲ್ಕು ಗಾಲಿಯೇ ಸರಿ.

ಕೊನೆಗೆ ನಿಮ್ಮದೇ ಜೀಪಿನ ವಿಷಯ. ಹಬ್ ಫ್ರೀ ಇಟ್ಟು ತಿಂಗಳುಗಟ್ಟಲೆ ಓಡಿಸಿದರೆ ಮುಂದಿನ ಆಕ್ಸಲ್ ತಿರುಗೋದೇ ಇಲ್ಲ, ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಹೊರಳೋ ಕಿಂಗ್‌ಪಿನ್‌ನ ಮೇಲಿನ ಬೇರಿಂಗಿಗೆ ಗ್ರೀಸ್ ಏರೋದಿಲ್ಲ. ನಾನು ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಮಣ್ಣುದಾರಿಯಲ್ಲಿ ಹತ್ತು ಕಿ.ಮೀ. ಓಡಿಸುತ್ತಿದ್ದೇನೆ. ಮಳೆ ಬಿಟ್ಟ ಮೇಲೆ ನೀವು ಫೋರ್ ವೀಲ್ ಮುಟ್ಟುವುದೇ ಇಲ್ಲವಲ್ಲ? ಕೊಯ್ಲು ಶುರುವಾಗೋ ಮೊದಲು ಒಂದು ದಿನ ಎರಡೂ ಹಬ್ ಲಾಕ್ ಮಾಡಿ ತೋಟದ ರೋಡಿನಲ್ಲಿ ಮೇಲಿನ ಶೆಡ್ಡಿನವರೆಗೆ ಹೋಗಿ ಬನ್ನಿ. ಬಲಗಡೆ ಹಬ್ ಬಿಗಿಯಾಗಿರುತ್ತೆ, ತಮ್ಮನ ಕೈಲಿ ತಿರುಗಿಸಿ. ನೀವು ಬಗ್ಗಬೇಡಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ