ಅಳಿಯನಿಗೆ: ‘ಮುಂದ ಹಾಕ್ಯಾರ’ ಅಂತ ಬರೆಯುವಾಗ

ವಿಜಯಪುರ

ಚಿ. ಅಳಿಯನಿಗೆ ಮಾಮಾನ ಆಶೀರ್ವಾದಗಳು.

ಜಮಖಂಡಿ ಕಡೆಯ ಸೊಸೈಟಿಯಲ್ಲಿ ಕಾರಕೂನ ಆದದ್ದು ಚಲೋ ಆತು. ನೀನು ಕಳಿಸಿದ ನೋಟಿಸಿನ ಕರಡು ಓದಿದೆ. ‘ಸಭೆಯನ್ನು ನಾಲ್ಕು ದಿನ ಮುಂದೆ ಇಡಲಾಗಿದೆ’ ಎಂದು ಬರೆದಿದ್ದಿ. ಇದನ್ನು ಓದಿದವನು ಯಾವತ್ತು ಬರಬೇಕು ತಮ್ಮಾ? ‘ಮುಂದೆ’ ಅಂದರೆ ಆಮೇಲೆ, ‘ಮುಂಚೆ’ ಅಂದರೆ ಅದಕ್ಕೂ ಮೊದಲು. ಫೋನಿನಲ್ಲಿ ಅವಸರದಿಂದ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ದಿನ ಎಣಿಸುವ ಕೆಲಸ ಓದುವವನಿಗೆ ಬಿಡಬೇಡ. ‘12ನೇ ತಾರೀಖು ಗುರುವಾರದ ಸಭೆಯನ್ನು 16ನೇ ತಾರೀಖು ಸೋಮವಾರ ಮುಂಜಾನೆ 11 ಗಂಟೆಗೆ ಮುಂದೂಡಲಾಗಿದೆ’ ಎಂದು ಬರೆ. ಜಾಗ ಅದೇ ಇದ್ದರೂ ಹೇಳು. ಕಾರಣಕ್ಕೆ ಒಂದು ಸಾಲು ಸಾಕು, ಯಾರ ಅಪ್ಪಣೆ ಎಂಬುದು ಮಾತ್ರ ತಪ್ಪಬಾರದು. ‘ಸೋಮವಾರದವರೆಗೆ ಮುಂದೂಡಲಾಗಿದೆ’ ಎಂದು ಬರೆದರೆ ಸೋಮವಾರ ಸಭೆ ಉಂಟೋ ಇಲ್ಲವೋ ಎಂದು ಜಗಳ ಏಳುತ್ತದೆ, ‘ಸೋಮವಾರಕ್ಕೆ’ ಅನ್ನು.

ಇನ್ನೊಂದು ಸೂಕ್ಷ್ಮ. ಶುರುವೇ ಆಗದ ಸಭೆಯನ್ನು ಮುಂದಕ್ಕೆ ಹಾಕುವುದು ಬೇರೆ, ಅರ್ಧ ನಡೆದ ಸಭೆಯನ್ನು ನಿಲ್ಲಿಸಿ ಇನ್ನೊಂದು ದಿನ ಕೂಡುವುದು ಬೇರೆ. 1956ರ ತನಕ ಈ ಸೀಮೆ ಮುಂಬಯಿ ಸರಕಾರದ ಕೈಯಲ್ಲಿತ್ತಲ್ಲ, ಆಗಿನವರು ಎರಡನೆಯದಕ್ಕೆ ‘ತಹಕೂಬ’ ಎನ್ನುತ್ತಿದ್ದರು. ಈಗ ಎರಡಕ್ಕೂ ‘ಮುಂದೂಡು’ ಒಂದೇ. ಹಾಗಾಗಿ ಠರಾವು ಪುಸ್ತಕದಲ್ಲಿ ‘ವಿಷಯ 4ರವರೆಗೆ ಚರ್ಚಿಸಿ, ಉಳಿದ ವಿಷಯಗಳಿಗಾಗಿ ಸಭೆಯನ್ನು ಇಂಥ ದಿನಕ್ಕೆ ಮುಂದೂಡಲಾಯಿತು’ ಎಂದು ಬಿಡಿಸಿ ಬರೆ. ‘ಮುಂದೂಡಲಾಯಿತು’ ಇರುವಲ್ಲಿ ‘ಮುಂದುವರಿಸಲಾಯಿತು’ ಎಂದು ಕೈ ತಪ್ಪಿದರೆ ಅರ್ಥವೇ ತಿರುಗುಮುರುಗು.

‘ತಳ್ಳು’ ಎಂಬ ಮಾತಿನ ಹತ್ತಿರ ಹುಷಾರಾಗಿರು. ಅರ್ಜಿಯನ್ನು ಮುಂದಿನ ಸಭೆಗೆ ತಳ್ಳಿದರೆ ಅದಕ್ಕೆ ಇನ್ನೂ ಜೀವ ಇದೆ, ತಳ್ಳಿಹಾಕಿದರೆ ಮುಗಿಯಿತು. ‘ತಡೆಹಿಡಿ’ ಅಂದರೆ ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಳ್ಳುವುದು, ಅದಕ್ಕೆ ತಾರೀಖು ಇರುವುದಿಲ್ಲ. ‘ಕಾಯ್ದಿರಿಸು’ ಕೋರ್ಟಿನ ತೀರ್ಪಿಗೆ ಸರಿ, ನಮ್ಮ ಸಭೆಗೆ ಒಗ್ಗುವುದಿಲ್ಲ. ‘ನನೆಗುದಿಗೆ ಬಿದ್ದಿದೆ’ ಎಂದು ಪೇಪರಿನವರು ಬರೆಯಲಿ; ಕಚೇರಿ ತನ್ನ ಬಗ್ಗೆ ತಾನೇ ಹಾಗೆ ಬರೆದುಕೊಳ್ಳುವುದಿಲ್ಲ.

ಸಾಲದ ಕಾಗದದಲ್ಲಿ ತಪ್ಪಿದರೆ ಮಂದಿಗೆ ದುಡ್ಡಿನ ಪೆಟ್ಟು. ಕಂತಿನ ವಾಯಿದೆ ಮುಂದಕ್ಕೆ ಹೋಗುವುದು, ಬಡ್ಡಿ ಬಿಡುವುದು, ಅಸಲು ಮನ್ನಾ ಆಗುವುದು, ಈ ಮೂರೂ ಬೇರೆ ಬೇರೆ. 2020ರಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರ ತನಕದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಆದರೆ ಬಾಕಿ ಅಸಲಿನ ಮೇಲೆ ಬಡ್ಡಿ ಓಡುತ್ತಲೇ ಇತ್ತು. ‘ವಸೂಲಿ ಮುಂದೂಡಿಕೆ’ ಎಂಬ ಆದೇಶ ಬಂದಾಗಲೆಲ್ಲ ಬಡ್ಡಿಯ ಸಾಲು ಹುಡುಕಿ ಓದು. ನೋಟಿಸ್ ಬೋರ್ಡಿನಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆ. ಇಲ್ಲವಾದರೆ ರೈತರು ಮಾಫಿ ಅಂತಲೇ ತಿಳಿಯುತ್ತಾರೆ, ವಾಯಿದೆ ಮೀರಿ ಸುಸ್ತಿದಾರರ ಪಟ್ಟಿಗೆ ಬೀಳುತ್ತಾರೆ.

ಕೌಂಟರಿನಲ್ಲಿ ಕೂತು ‘ನಾಳಿಗೆ ಬರ್ರಿ’ ಅನ್ನಬೇಡ. ಬಸ್ಸು ಹತ್ತಿ ಬಂದವನಿಗೆ ಒಂದು ದಿನದ ಕೂಲಿ ಹೋಗಿರುತ್ತದೆ. ಕಾಗದ ಶುಕ್ರವಾರ ಸಿಗುವುದಾದರೆ ಶುಕ್ರವಾರ ಅಂತಲೇ ಹೇಳು.

ಮಂದಿ ಕೇಳುವ ವಾಯಿದೆಯನ್ನೂ ತೂಗಿ ನೋಡು. ‘ಸಿದ್ಧೇಶ್ವರ ಜಾತ್ರಿ ಆದ ಮ್ಯಾಲ ಕೊಡ್ತೀನಿ’ ಅಂದರೆ ಅದು ತಾರೀಖೇ: ಜಾತ್ರೆ ಸಂಕ್ರಾಂತಿಗೆ, ಅಂದರೆ ಜನವರಿ ನಡುವಿಗೆ. ‘ಅಮಾಸಿ ಹೋಗ್ಲಿ’ ಅಂದರೂ ಕ್ಯಾಲೆಂಡರ್ ನೋಡಿದರೆ ದಿನ ಸಿಗುತ್ತದೆ. ‘ಕಬ್ಬಿನ ಬಿಲ್ಲು ಬಂದ ಮ್ಯಾಲ’ ಅನ್ನುವುದು ಸುಳ್ಳಲ್ಲ, ಆದರೆ ಅದು ಫ್ಯಾಕ್ಟರಿಯವರ ಕೈಯಲ್ಲಿದೆ. ಅವನ ಮಾತನ್ನೂ ಬರೆದುಕೋ, ಪಕ್ಕದಲ್ಲಿ ಇಬ್ಬರೂ ಒಪ್ಪಿದ ಒಂದು ತಾರೀಖನ್ನೂ ಹಾಕು. ‘ಆತು, ನೋಡೂಣು’ ಅಂದವನ ಹೆಸರಿನ ಮುಂದೆ ಏನೂ ಬರೆಯದೆ ಖಾಲಿ ಬಿಡು, ಮುಂದಿನ ವಾರ ಮತ್ತೆ ಕೇಳು.

ಅಕ್ಕನನ್ನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಮಾಮಾ