ರಸ್ತೆಯಲ್ಲಿ ಬಾಣವೇ ಇಲ್ಲ, ದಂಡ ಹೇಗೆ?

ಮಾನ್ಯ ಸಂಪಾದಕರೇ,

ಮೊದಲೇ ಹೇಳಿಬಿಡುತ್ತೇನೆ. ಎಡಕ್ಕೆ ಮಾತ್ರ ತಿರುಗಬೇಕಾದ ಲೇನ್‌ನಿಂದ ಹೊರಬಂದು ನಾನು ನೇರ ಹೋದದ್ದು ನಿಜ. ಅದು ಎಡಕ್ಕೆ ಮಾತ್ರ ಹೋಗುವ ಲೇನ್ ಅಂತ ನನಗೆ ತಿಳಿಯುವುದು ಹೇಗೆ ಅನ್ನುವುದಷ್ಟೇ ನನ್ನ ತಕರಾರು.

ಕಳೆದ ತಿಂಗಳು ಒಂದು ಸಂಜೆ, ಏಳು ಗಂಟೆ ಇರಬಹುದು, ಒಳ್ಳೆ ಮಳೆ. ಬನಶಂಕರಿಯ ಮಗಳ ಮನೆಗೆ ನನ್ನ ಹಳೇ ಆಲ್ಟೊದಲ್ಲಿ ಹೊರಟಿದ್ದೆ. ರಿಂಗ್ ರೋಡಿನ ಒಂದು ಸಿಗ್ನಲ್‌ನಲ್ಲಿ ಬಸ್ಸಿನ ಹಿಂದೆ ನಿಂತೆ. ಹಸಿರು ಬಿತ್ತು. ಮುಂದಿದ್ದ ಬಸ್ಸು, ಆಟೊ ಎಲ್ಲವೂ ಎಡಕ್ಕೆ ತಿರುಗಿದವು. ಆಗಷ್ಟೇ ಅನುಮಾನ ಬಂತು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ನಿಧಾನಕ್ಕೆ ಬಲಕ್ಕೆ ಸರಿದು ನೇರ ಹೋದೆ. ಹಿಂದಿನವರು ಹಾರ್ನ್ ಕೂಡ ಹೊಡೆಯಲಿಲ್ಲ. ಬೆಂಗಳೂರಿನಲ್ಲಿ ಅದು ಸಣ್ಣ ಮಾತಲ್ಲ! ಹತ್ತು ದಿನದ ಮೇಲೆ ಮೊಬೈಲಿಗೆ 500 ರೂಪಾಯಿ ದಂಡದ ಮೆಸೇಜ್ ಬಂತು.

ಮಾರನೇ ಬೆಳಿಗ್ಗೆ ಆರೂವರೆಗೇ ಸ್ಕೂಟರ್ ಹತ್ತಿ ಅಲ್ಲಿಗೆ ಹೋದೆ. ಬಾಣದ ಗುರುತು ಇದ್ದ ಜಾಗವನ್ನೇ ಪೈಪಿಗಾಗಿ ಅಗೆದು ಡಾಂಬರು ಮೆತ್ತಿದ್ದಾರೆ. ಉಳಿದಿರುವುದು ಬಾಣದ ಬಾಲ, ಒಂದು ಗೇಣು. ಅದು ಎಡಕ್ಕೋ ಬಲಕ್ಕೋ ಅಂತ ಶಾಸ್ತ್ರ ಕೇಳಬೇಕು. ಬೋರ್ಡ್ ಇದೆ, ಹೊಂಗೆ ಮರದ ಕೊಂಬೆಯ ಹಿಂದೆ. ಕೊಂಬೆ ಬಿಟ್ಟ ಸಂದಿಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಬಣ್ಣದ ವಿಷಯ ಅಷ್ಟಿಷ್ಟು ಗೊತ್ತು. ರಸ್ತೆಗೆ ಹಾಕುವುದು ಗೋಡೆಯ ಪೇಂಟ್ ಅಲ್ಲ. ಥರ್ಮೋಪ್ಲಾಸ್ಟಿಕ್ ಅಂತ, ಕಾಯಿಸಿ ಕರಗಿಸಿ ಬಳಿಯುತ್ತಾರೆ. ಹೆಡ್‌ಲೈಟ್ ಬಿದ್ದಾಗ ಹೊಳೆಯಲಿ ಅಂತ ಸಣ್ಣ ಗಾಜಿನ ಮಣಿ ಉದುರಿಸುತ್ತಾರೆ. ಅದರ ಮೇಲೆ ಮಳೆ ನೀರು ನಿಂತರೆ ರಾತ್ರಿ ಹೊಸ ಗುರುತೇ ಸರಿಯಾಗಿ ಕಾಣುವುದಿಲ್ಲ. ಇಲ್ಲಿ ಗುರುತೇ ಇಲ್ಲ.

ಚಲನ್‌ನ ಫೋಟೊದಲ್ಲಿ ನನ್ನ ಕಾರಿನ ಬೆನ್ನು, ನಂಬರ್ ಪ್ಲೇಟ್ ಚೆನ್ನಾಗಿ ಬಂದಿವೆ. ನೆಲದ ಮೇಲಿನ ಬಾಣ ಎಲ್ಲೂ ಇಲ್ಲ. ನಾನು ತೆಗೆದ ನಾಲ್ಕು ಫೋಟೊ ಪ್ರಿಂಟ್ ಹಾಕಿಸಿ ಠಾಣೆಗೆ ಒಯ್ದೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಐನೂರು ತಾನೇ ಸರ್, ಕಟ್ಬಿಡಿ. ಇಲ್ಲಾಂದ್ರೆ ಕೋರ್ಟಿಗೆ ಹೋಗ್ಬೇಕಾಗುತ್ತೆ" ಅಂದ. ಫೋಟೊಗಳನ್ನು ನೋಡಿದ, ತಲೆಯಾಡಿಸಿದ, ವಾಪಸ್ ಕೊಟ್ಟ.

ಲೇನ್ ತಪ್ಪಿದರೆ 500ರಿಂದ 1,000 ರೂಪಾಯಿವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 177ಎ ಕಲಂ ಸೇರಿಸಿದರು. ಸರಿ, ಒಪ್ಪಿದೆ. ಕ್ಯಾಮೆರಾದಿಂದ ದಂಡ ಹಾಕುವುದಕ್ಕೂ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ಬಂತು. ಕ್ಯಾಮೆರಾ ಇರುವ ಜಾಗಕ್ಕೆ ಮುಂಚೆ ಎದ್ದು ಕಾಣುವ ಬೋರ್ಡ್ ಇರಬೇಕು, 15 ದಿನದೊಳಗೆ ನೋಟಿಸ್ ಹೋಗಬೇಕು ಅಂತ ಅದರಲ್ಲಿದೆ. ನೋಟಿಸ್ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂತು.

ಪಕ್ಕದ ಮನೆಯವರ ಸಲಹೆಯೇ ಬೇರೆ. "ಸುಮ್ನೆ ಇರಿ ಮೇಷ್ಟ್ರೇ, ಮುಂದಿನ ರಿಯಾಯಿತಿಯಲ್ಲಿ ಅರ್ಧ ಕಟ್ಟಿದ್ರಾಯ್ತು." ಅವರನ್ನೂ ಬೈಯುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡ ಸಾಕು ಅಂದಾಗ ಈ ಊರಿನ ಜನ ಸಾಲು ನಿಂತು ಒಂಬತ್ತು ದಿನದಲ್ಲಿ 100 ಕೋಟಿ ರೂಪಾಯಿಗೂ ಜಾಸ್ತಿ ಕಟ್ಟಿದರು. 2025ರಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಹೀಗೆ ಕಟ್ಟಿದವರಲ್ಲಿ ತಪ್ಪು ಮಾಡಿದವನಿಗೆ ಅರ್ಧ ಉಳಿಯಿತು. ತಪ್ಪೇ ಮಾಡದವನಿಗೆ ಅರ್ಧ ಹೋಯಿತು. ನನಗೆ ಆ 250 ರೂಪಾಯಿಯ ಉಳಿತಾಯ ಬೇಡ. ನನ್ನದು ತಪ್ಪೋ ಅಲ್ವೋ ಅಂತ ಯಾರಾದರೂ ಆ ಫೋಟೊ ನೋಡಿ ಹೇಳಲಿ. ತಪ್ಪು ಅಂದರೆ ಪೂರ್ತಿ ದಂಡ ಕಟ್ಟುತ್ತೇನೆ.

ಅಲ್ಲಿಯವರೆಗೆ ಸಂಬಂಧಪಟ್ಟವರು ಆ ಕೊಂಬೆ ಕತ್ತರಿಸಿ, ಫ್ಲೆಕ್ಸ್ ತೆಗೆದು, ಬಾಣ ಬರೆಸಲಿ. ಬರೆಸುವ ತನಕ ಆ ಸಿಗ್ನಲ್‌ನಲ್ಲಿ ಲೇನ್ ತಪ್ಪಿದ್ದಕ್ಕೆ ದಂಡ ಹಾಕುವುದನ್ನು ನಿಲ್ಲಿಸಲಿ. ಮೊನ್ನೆ ಶನಿವಾರ ಮತ್ತೆ ಹೋಗಿ ಹತ್ತು ನಿಮಿಷ ಫುಟ್‌ಪಾತ್ ಮೇಲೆ ನಿಂತು ನೋಡಿದೆ. ಐದು ಕಾರು ನನ್ನ ಹಾಗೆಯೇ ಬಲಕ್ಕೆ ಸರಿದು ನೇರ ಹೋದವು. ಅದರಲ್ಲಿ ಒಂದು ಡ್ರೈವಿಂಗ್ ಸ್ಕೂಲಿನದು.

ಇಂತಿ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬೆಂಗಳೂರು